ಒಬ್ಬ ಸದಸ್ಯರು ಕೇಳುತ್ತಾರೆ

ಈಗ ಈ ಕೆಲಸಕ್ಕೂ ಕೋರ್ಸ್ ಇದೆಯಂತೆ. ಹೋದ ತಿಂಗಳು ನನ್ನ ತಂಗಿಯ ಮಗಳು ಮೀನಂಗಡಿ ಎಂಬ ಊರಿನ ನಮ್ಮ ಮನೆಗೆ ಬಂದು, "ದೊಡ್ಡಮ್ಮಾ, ಕೆಲಸ ಸಿಕ್ತು! ಕಮ್ಯುನಿಟಿ ಮ್ಯಾನೇಜರ್" ಎಂದು ಕೈಗೆ ಲಾಡು ಇಟ್ಟಳು. ಎಂಥ ಕಮ್ಯುನಿಟಿಯೇ ಎಂದು ಕೇಳಿದೆ. "ಸಂಶೋಧಕರದು. ಆನ್‌ಲೈನ್. ಅವರೆಲ್ಲ ಒಬ್ಬರಿಗೊಬ್ಬರು ಸೇರಿ ಕೆಲಸ ಮಾಡೋ ಹಾಗೆ ಮಾಡ್ಬೇಕು" ಎಂದಳು. ನನಗೆ ಬಂದ ನಗುವಿಗೆ ಲಾಡು ನೆತ್ತಿಗೆ ಹತ್ತಿತು. ಪಾಪ, ಹುಡುಗಿ ನೀರು ತರಲು ಒಳಗೆ ಓಡಿದಳು. ಅವಳಿಗೆ ಮತ್ತು ಅವಳ ಹಾಗೆ ಈ ಕೆಲಸಕ್ಕೆ ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಕಲ್ಪೆಟ್ಟದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೂ ವಾರ್ಷಿಕ ವರದಿಯಲ್ಲಿ ಸಾಧನೆ ಎಂದು ಹಾಕಿಕೊಂಡಾರು. ಬೆಳೆ, ಕಾಡು, ಬೆಟ್ಟದ ಜನರ ಆರೋಗ್ಯ, ಇವು ಮೂರೂ ಅವರ ವಿಷಯ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಮೀನಂಗಡಿಯಲ್ಲಿ ದಿನಸಿ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಟೈಪಿಂಗ್ ಕ್ಲಾಸಿನಲ್ಲಿ ಇಂಗ್ಲಿಷು ಕಲಿತ ನನ್ನನ್ನು ಸಂಸ್ಥೆಯ ಲೈಬ್ರರಿಗೆ ಟೈಪಿಸ್ಟ್ ಆಗಿ ತೆಗೆದುಕೊಂಡರು. ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದಿದ್ದರೆ ತಾನೇ ಬರೆಯುವುದು!

ಒಂದು ಸಲ ನಮ್ಮ ಡೈರೆಕ್ಟರ್ ಸಾರ್ ಯಾವುದೋ ದೇಶಕ್ಕೆ ಸಮ್ಮೇಳನಕ್ಕೆ ಹೋಗಿ ಬಂದರು. ಹೋಗಿ ಬಂದವರೆಲ್ಲ ಚಾಕೊಲೇಟು ತಂದರೆ ಇವರು ಒಂದು ಯೋಚನೆ ತಂದರು. "ಚೇಚೀ, ಈ ಬೆಟ್ಟಗಳ ಮೇಲೆ ಎಷ್ಟೊಂದು ಜನ ಸಂಶೋಧನೆ ಮಾಡ್ತಾ ಇದ್ದಾರೆ. ಒಬ್ಬರು ಮಾಡೋದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರನ್ನೂ ಆನ್‌ಲೈನಲ್ಲಿ ಒಂದು ಕಡೆ ಸೇರಿಸ್ಬೇಕು" ಎಂದರು. ಚೇಚಿ ಎಂದರೆ ಅಕ್ಕ. ಸಂಸ್ಥೆಯಲ್ಲಿ ಎಲ್ಲರಿಗೂ ನಾನು ಅದೇ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಬಾಯಿಂದ ನಾನು ಕೇಳಿದ ನಿಜವಾದ ಮಾತು ಅದೊಂದೇ ಎಂದು ಕಾಣುತ್ತದೆ. ಆ ಕೆಲಸಕ್ಕೆ ಮೂರು ಭಾಷೆ ಬರುವವರು ಬೇಕು ಎಂದು ನನ್ನನ್ನು ಹಾಕಿದರು. ಮಲಯಾಳದಲ್ಲಿ ಅದಕ್ಕೆ ಕೂಟ್ಟಾಯ್ಮ ಎನ್ನುತ್ತಿದ್ದರು, ನಾನು ಬಳಗ ಎನ್ನುತ್ತಿದ್ದೆ.

ಉದ್ಘಾಟನೆಗೆ ದೀಪ ಹಚ್ಚಿದ್ದಾಯಿತು, ಹಾರ ಹಾಕಿದ್ದಾಯಿತು. ಅತಿಥಿಗಳು ಗುಂಡಿ ಒತ್ತಿದರೆ ಪರದೆಯ ಮೇಲೆ ನಮ್ಮ ವೆಬ್‌ಸೈಟು ತೆರೆಯಬೇಕು. ತೆರೆಯಲಿಲ್ಲ. ಮಳೆಗೆ ಎಲ್ಲೋ ಕೇಬಲ್ ಕಿತ್ತು ಹೋಗಿತ್ತು. ಡೈರೆಕ್ಟರ್ ಸಾರ್ ತಲೆ ಕೆಡಿಸಿಕೊಳ್ಳಲೇ ಇಲ್ಲ. ಗೇಟಿನ ಹತ್ತಿರ ವೆಬ್‌ಸೈಟಿನ ಮೊದಲ ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿದ ಫ್ಲೆಕ್ಸ್ ಇತ್ತು. ಅದನ್ನೇ ಬಿಚ್ಚಿಸಿ ತಂದು ವೇದಿಕೆಯ ಮೇಲೆ ಹಿಡಿಸಿದರು. ಅತಿಥಿಗಳು ಫ್ಲೆಕ್ಸಿನಲ್ಲಿದ್ದ "ಪ್ರವೇಶಿಸಿ" ಎಂಬ ಗುಂಡಿಯ ಮೇಲೆ ಬೆರಳಿಟ್ಟರು, ಫೋಟೊ ತೆಗೆದರು, ಜನ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಪೇಪರಿನಲ್ಲಿ ಅದೇ ಫೋಟೊ ಬಂತು. ನೋಡಿದ ಯಾರಿಗೂ ಏನೂ ಅನುಮಾನ ಬರಲಿಲ್ಲ.

ಸದಸ್ಯರೇನೋ ಸೇರಿದರು. ಫೋಟೊ ಹಾಕಿದರು, ಹೆಸರಿನ ಹಿಂದೆ ಮುಂದೆ ಪದವಿಗಳ ಬಾಲ ಹಚ್ಚಿದರು, ಅಲ್ಲಿಗೆ ಕೆಲಸ ಮುಗಿಯಿತೆಂದು ಬಾಯಿಗೆ ಬೀಗ ಹಾಕಿಕೊಂಡು ಕೂತರು. ನಾನು ದಿನವೂ ಬೆಳಗ್ಗೆ ಬಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಕೊನೆಗೆ ಓಣಂ ಬಂದಾಗ ಬಳಗಕ್ಕೆ ಜೀವ ಬಂತು. ಹೂವಿನ ರಂಗೋಲಿಗಳ ಸುರಿಮಳೆ! ಆಮೇಲೆ ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ, ಈದ್. ನಡುನಡುವೆ ಯಾರಿಗೋ ಪ್ರಶಸ್ತಿ ಬಂದರೆ ಅಭಿನಂದನೆ, ಯಾರೋ ತೀರಿಕೊಂಡರೆ ಕೈಮುಗಿದ ಚಿತ್ರ. ಒಬ್ಬರು ತೀರಿಕೊಂಡ ಸುದ್ದಿಗೆ ಇನ್ನೊಬ್ಬರು ಓದದೇ "ಅಭಿನಂದನೆಗಳು, ಇನ್ನೂ ಎತ್ತರಕ್ಕೆ ಏರಿ" ಎಂದು ಹಾಕಿದ್ದೂ ಉಂಟು. ಪ್ರಪಂಚದ ಬುದ್ಧಿವಂತರನ್ನೆಲ್ಲ ಒಂದೇ ಕಡೆ ಕೂಡಿ ಹಾಕಿದರೆ ಅವರು ಪರಸ್ಪರ ಗುಲಾಬಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ. ಬೇರೇನೂ ಆಗುವುದಿಲ್ಲ.

ಡೈರೆಕ್ಟರ್ ಸಾರಿಗೆ ಬೇಕಾಗಿದ್ದುದು ಒಂದೇ: ಎಷ್ಟು ಜನ ಸೇರಿದರು? ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರದ ಬದಲು "ಎಷ್ಟಾಯಿತು ಚೇಚೀ?" ಎನ್ನುವರು. ಸಾಲದು ಎಂದಾಗ ಸಂಸ್ಥೆಯ ಡ್ರೈವರುಗಳನ್ನೂ ವಾಚ್‌ಮನ್ನನ್ನೂ ಕ್ಯಾಂಟೀನಿನ ಬಷೀರನನ್ನೂ ಸಂಶೋಧಕರೆಂದು ಸೇರಿಸಲು ಹೇಳಿದರು. ಸೇರಿಸಿದೆ, ನನಗೇನು. ಬಷೀರ ಒಬ್ಬ ಮಾತ್ರ ಬಳಗವನ್ನು ಗಂಭೀರವಾಗಿ ತೆಗೆದುಕೊಂಡ. ದಿನವೂ ಹನ್ನೊಂದಕ್ಕೆ "ಇವತ್ತು ಊಟಕ್ಕೆ ಮತ್ತಿ ಮೀನಿನ ಸಾರು, ಬೇಗ ಬಂದವರಿಗೆ ಹುರಿದದ್ದು" ಎಂದು ಬರೆಯುತ್ತಿದ್ದ. ನಮ್ಮ ಬಳಗದಲ್ಲಿ ಅತಿ ಹೆಚ್ಚು ಜನ ಓದಿದ ಬರಹಗಳು ಅವನವೇ. ದೆಹಲಿಯಲ್ಲಿ ಕೂತ ಒಬ್ಬ ಪ್ರೊಫೆಸರೂ ಅದಕ್ಕೆ ತಪ್ಪದೆ ಹೆಬ್ಬೆಟ್ಟು ಒತ್ತುತ್ತಿದ್ದರು.

ಇವರೇಕೆ ಬಾಯಿ ಬಿಡುವುದಿಲ್ಲ ಎಂದು ನಾನು ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದೆ. ಆಗ ಗುಟ್ಟು ತಿಳಿಯಿತು. ಫೋನಿನಲ್ಲಿ ಅವರಿಗೆ ಪ್ರಶ್ನೆಗಳೇ ಪ್ರಶ್ನೆಗಳು. ಈ ಹುಳದ ಹೆಸರೇನು, ಆ ಊರಿನ ಹಳೆಯ ಮಳೆ ಲೆಕ್ಕ ಯಾರ ಹತ್ತಿರ ಇದೆ, ಈ ಯಂತ್ರ ಯಾರಲ್ಲಿದೆ. ಹಾಗಾದರೆ ಬಳಗದಲ್ಲಿ ಕೇಳಿ ಸಾರ್ ಎಂದರೆ, "ಅಯ್ಯಯ್ಯೋ, ನಾನು ಕೇಳಿದ್ದು ಅಂತ ಗೊತ್ತಾಗಬಾರದು" ಎನ್ನುವರು. ಕೇಳಿದರೆ ಗೊತ್ತಿಲ್ಲ ಎಂದು ಗೊತ್ತಾಗಿಬಿಡುತ್ತದಲ್ಲ! ಅವರ ಸಂಬಳವೇ ಗೊತ್ತಿರುವುದಕ್ಕೆ ಬರುವುದು. ಆಗ ನಾನು ಒಂದು ಉಪಾಯ ಮಾಡಿದೆ. ಅವರ ಪ್ರಶ್ನೆಗಳನ್ನು ನಾನೇ ಹಾಕತೊಡಗಿದೆ, "ಒಬ್ಬ ಸದಸ್ಯರು ಕೇಳುತ್ತಾರೆ" ಎಂದು ಶುರು ಮಾಡಿ.

ಬಳಗ ಬೆಳೆದದ್ದು ಹಾಗೆ. ಯಾರೂ ಕೇಳದ ಕಡೆ ಒಬ್ಬರು ಕೇಳಿದರೆಂದರೆ ಹೇಳುವವರಿಗೆ ಬರವೇ? ನನ್ನಷ್ಟು ತಿಳಿದವರಿಲ್ಲ ಎಂದು ನಾ ಮುಂದು ತಾ ಮುಂದು ಎಂದು ಬಂದರು. ಮೈಸೂರಿನವರು, ಕೋಳಿಕ್ಕೋಡಿನವರು, ಕೊಯಮತ್ತೂರಿನವರು, ಎಲ್ಲರೂ ಬೆಳಗ್ಗೆ ಕಾಫಿಗೆ ಮೊದಲು ಒಂದು ಉತ್ತರ ಬರೆದು ಹೋಗುವರು. ವರ್ಷದ ಕೊನೆಗೆ ಡೈರೆಕ್ಟರ್ ಸಾರ್ ನನ್ನನ್ನು ಕರೆದು, "ಈ ಒಬ್ಬ ಸದಸ್ಯರು ಯಾರು ಚೇಚೀ? ತುಂಬಾ ಚುರುಕಾಗಿದ್ದಾರೆ. ಅವರಿಗೆ ಒಂದು ಶಾಲು ಹೊದಿಸೋಣ" ಎಂದರು. ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ.

ಒಂದು ಸಲ ನಿಜವಾಗಿಯೂ ಇಬ್ಬರನ್ನು ಸೇರಿಸಿದೆ ಎಂದು ಹಿಗ್ಗಿದ್ದೆ. ಮೆಣಸಿನ ಬಳ್ಳಿಯ ಸೊರಗು ರೋಗದ ಮೇಲೆ ಕೆಲಸ ಮಾಡುವ ಇಬ್ಬರು ಪ್ರೊಫೆಸರುಗಳಿದ್ದರು. ಒಬ್ಬರು ರಾಸಾಯನಿಕ ಮದ್ದು ಹೊಡೆದು ವಾಸಿ ಮಾಡುವವರು. ಇನ್ನೊಬ್ಬರು ಮದ್ದು ವಿಷ ಎಂದು ಬೇವಿನ ಹಿಂಡಿ, ಸಗಣಿ ಗೊಬ್ಬರದಲ್ಲಿ ವಾಸಿ ಮಾಡುವವರು. ಇಬ್ಬರೂ ವರ್ಷಗಟ್ಟಲೆ ಪ್ರಯೋಗ ಮಾಡಿ, ಇಬ್ಬರೂ ಗೆದ್ದು, ಇಬ್ಬರೂ ಲೇಖನ ಬರೆದು ಹೆಸರು ಮಾಡಿದ್ದರು. ನಿಮ್ಮ ತೋಟದ ಫೋಟೊ ಹಾಕಿ ಸಾರ್ ಎಂದು ಇಬ್ಬರನ್ನೂ ಪೀಡಿಸಿ ಹಾಕಿಸಿದೆ. ಎರಡು ಫೋಟೊದಲ್ಲೂ ಮೊಣಕೈ ಮಡಚಿದ ಹಾಗೆ ಬಾಗಿದ ಒಂದೇ ಸಿಲ್ವರ್ ಓಕ್ ಮರ!

ತೋಟ ಮೀನಂಗಡಿಗೆ ಹತ್ತಿರದಲ್ಲೇ ಇತ್ತು, ವರ್ಗೀಸ್ ಚೇಟನ್ನರದು. ಚೇಟನ್ ಎಂದರೆ ಅಣ್ಣ. ಹೋಗಿ ಕೇಳಿದೆ. ಅವರು ಜಗಲಿಯ ಮೇಲೆ ಕೂತು ಸಮಾಧಾನವಾಗಿ ಹೇಳಿದರು: "ಒಬ್ಬರು ಸೋಮವಾರ ಬಂದು ಹೊಡೀತಾರೆ, ಇನ್ನೊಬ್ಬರು ಗುರುವಾರ ಬಂದು ಹಾಕ್ತಾರೆ. ಇಬ್ಬರೂ ಒಂದೇ ಆಫೀಸಿನವರು, ಕೆಲಸ ಹಂಚ್ಕೊಂಡಿದ್ದಾರೆ ಅಂತ ನಾನು ತಿಳ್ಕೊಂಡಿದ್ದೆ."

"ಬಳ್ಳಿಗೆ ಗುರುತಿಗೆಂದು ಕಟ್ಟಿದ್ದ ಬಣ್ಣದ ಚೀಟಿ ನೋಡಿಯಾದರೂ ಅವರಿಗೆ ಗೊತ್ತಾಗಲಿಲ್ವಾ ಚೇಟಾ?"

"ಕೆಂಪು ಚೀಟಿಯೋರು ಹಳದಿ ಚೀಟಿ ನೋಡಿ ತೋಟದೋನು ನಾನೇ ಕಟ್ಟಿದ್ದು ಅಂದ್ಕೊಂಡ್ರು. ಹಳದಿಯೋರು ಕೆಂಪು ನೋಡಿ ಹಾಗೇ ಅಂದ್ಕೊಂಡ್ರು. ನನ್ನ ಯಾರೂ ಕೇಳ್ಳಿಲ್ಲ."

ಈಗಲಾದರೂ ಇಬ್ಬರೂ ಕೂತು ಮಾತಾಡುತ್ತಾರೆ, ನಾಚಿಕೆಯಿಂದಲಾದರೂ ನಗುತ್ತಾರೆ ಎಂದು ನಾನು ಕಾದೆ. ಇಬ್ಬರೂ ಅದೇ ದಿನ ಬಳಗ ಬಿಟ್ಟರು. ಬಿಡುವ ಮೊದಲು, ಈ ಬಳಗದಿಂದ ಸಂಶೋಧನೆಯ ಗೌಪ್ಯತೆಗೆ ಧಕ್ಕೆ ಎಂದು ಇಬ್ಬರೂ ಡೈರೆಕ್ಟರ್ ಸಾರಿಗೆ ದೂರಿದರು. ಅವರ ಬದುಕಿನಲ್ಲಿ ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ. ಸಾರ್ ನನ್ನನ್ನು ಕರೆದು ಇನ್ನು ಮುಂದೆ ಫೋಟೊ ಹಾಕಿಸಬೇಡಿ ಎಂದರು.

ಕಾಲ ಬದಲಾದ ಹಾಗೆ ಯಂತ್ರಗಳು ಬದಲಾದವು. ವೆಬ್‌ಸೈಟಿನಿಂದ ವಾಟ್ಸಾಪಿಗೆ ಬಂದೆವು, ಅಲ್ಲಿಂದ ವಿಡಿಯೊ ಸಭೆಗಳಿಗೆ. ವಿಡಿಯೊ ಸಭೆ ಎಂದರೆ ಅರ್ಧ ಹೊತ್ತು "ಕೇಳಿಸ್ತಿದೆಯಾ" ಎನ್ನುವುದು, ಉಳಿದರ್ಧ "ಸಮಯದ ಅಭಾವ" ಎನ್ನುವುದು. ಹೊಸ ಹುಡುಗರು ಬಂದು ಗ್ರಾಫ್ ಹಾಕಿ ತೋರಿಸಿದರು. ಗ್ರಾಫ್ ಮೇಲಕ್ಕೇ ಹೋಗುತ್ತಿತ್ತು. ಮನುಷ್ಯರು ಇದ್ದಲ್ಲೇ ಇದ್ದರು.

ಇಷ್ಟೆಲ್ಲ ನಗುತ್ತಾ ಬರೆದೆ. ಬೊಮ್ಮಿಯ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ರಾಜ್ಯದ ಗಡಿಯಲ್ಲಿರುವ ಬಾವಲಿ ಚೆಕ್‌ಪೋಸ್ಟಿಗಿಂತ ಈಚೆಗೆ ನಮ್ಮ ಸಂಸ್ಥೆಯ ಒಂದು ನರ್ಸರಿ ಇತ್ತು. ಕಾಫಿ, ಮೆಣಸಿನ ಸಸಿ ಮಾಡುವ ಜಾಗ. ಆಗಾಗ ನಾನು ಅಲ್ಲಿಗೆ ಹೋಗಬೇಕಾಗುತ್ತಿತ್ತು. ಪಕ್ಕದ ಬೆಟ್ಟಕುರುಬರ ಹಾಡಿಯ ಹೆಂಗಸರು ಅಲ್ಲಿ ಕೂಲಿಗೆ ಬರುತ್ತಿದ್ದರು. ಅವರಲ್ಲಿ ಬೊಮ್ಮಿ ಒಬ್ಬಳು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ನಡುವೆ ಮಲಯಾಳ ಸೇರುತ್ತದೆ. ಕಲ್ಪೆಟ್ಟದಲ್ಲಿ ದಿನವಿಡೀ ಮಲಯಾಳ ಇಂಗ್ಲಿಷು ಮಾತಾಡಿ ಸಾಕಾದ ನನಗೆ ಅವಳ ಜೊತೆ ಕೂತು ಮಾತಾಡುವುದೆಂದರೆ ತವರಿಗೆ ಹೋದಷ್ಟು ಖುಷಿ. ಬಾಯಿ ಜೋರು, ನಗು ಇನ್ನೂ ಜೋರು. ನನ್ನ ಸೀರೆ ನೋಡಿ, "ಏನಕ್ಕಾ, ಇವತ್ತೂ ಅದೇ ಹಸ್ರು? ಆಫೀಸ್ನೋರು ಸಂಬ್ಳ ಕೊಡಾಕಿಲ್ವಾ?" ಎಂದು ರೇಗಿಸುತ್ತಿದ್ದಳು.

ಅವಳ ಅಕ್ಕ ಮಾದಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ರಕ್ತದ ಕಾಯಿಲೆ. ಇಲ್ಲಿನವರು ಅರಿವಾಳ್ ರೋಗ ಎನ್ನುತ್ತಾರೆ, ಅರಿವಾಳ್ ಎಂದರೆ ಕುಡುಗೋಲು. ದುಂಡಗಿರಬೇಕಾದ ರಕ್ತದ ಕಣಗಳು ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೀಲುಕೀಲೂ ನೋಯುತ್ತದೆ. ತಂದೆ ತಾಯಿ ಇಬ್ಬರ ರಕ್ತದಲ್ಲೂ ಅದರ ಅಂಶ ಇದ್ದರೆ ಮಗುವಿಗೆ ರೋಗ ಬರಬಹುದು. ಒಬ್ಬರಲ್ಲಿ ಮಾತ್ರ ಇದ್ದರೆ ಬರುವುದಿಲ್ಲ. ಅಂಶ ಇದ್ದವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುವುದು.

ಬೊಮ್ಮಿಗೆ ಚೆಲುವನ ಜೊತೆ ಮದುವೆ ಮಾತಾಗಿತ್ತು. ಗಡಿಯಾಚೆಯ ಹಾಡಿಯವನು, ಅರಣ್ಯ ಇಲಾಖೆಯಲ್ಲಿ ಬೆಂಕಿ ಕಾಯುವ ಹಂಗಾಮಿ ಕೆಲಸ. ಒಮ್ಮೆ ನರ್ಸರಿಯ ಬೇಲಿಯ ಹತ್ತಿರ ಬಂದು ನಿಂತಿದ್ದ. ನಾಚಿಕೆಯ ಪ್ರಾಣಿ, ನನ್ನನ್ನು ಕಂಡು ಮರದ ಹಿಂದೆ ಸರಿದ. ಅವನ ಊರಿನಲ್ಲಿ ಆಸ್ಪತ್ರೆಯವರು ಪರೀಕ್ಷೆ ಮಾಡಿ, ಅಂಶ ಇದೆ ಎಂದು ಕಾರ್ಡ್ ಕೊಟ್ಟಿದ್ದರು. ಬೊಮ್ಮಿಯಲ್ಲಿ ಇಲ್ಲದಿದ್ದರೆ ಮದುವೆ, ಇದ್ದರೆ ಬೇಡ ಎಂದು ಅವನ ತಾಯಿ ಹೇಳಿದ್ದಳು. ಮಾದಿ ನರಳಿದ್ದನ್ನು ಕಂಡಿದ್ದ ಬೊಮ್ಮಿಯ ಮಾತೂ ಅದೇ ಆಗಿತ್ತು.

"ಹಂಗಾದ್ರೆ ಪರೀಕ್ಷೆ ಮಾಡಿಸ್ಕೊ" ಎಂದೆ.

"ಮಾಡ್ಸಿದೀನಲ್ಲಕ್ಕ! ಒಂದ್ಸಲಾನಾ? ನಾಕ್ ಕಡೆಯೋರು ಬಂದು ರಕ್ತ ತಗೊಂಡೋಗವ್ರೆ. ಒಬ್ರೂ ಇನ್ನೂ ಹೇಳಿಲ್ಲ."

ನಿಜ. ನಾಲ್ಕು ಸಂಶೋಧನಾ ತಂಡಗಳು, ನಾಲ್ಕು ಬೇರೆ ಬೇರೆ ಊರಿನವರು, ಒಬ್ಬರಿಗೊಬ್ಬರು ತಿಳಿಯದೆ ಆ ಒಂದೇ ಹಾಡಿಗೆ ಬಂದು ರಕ್ತ ಎಳೆದುಕೊಂಡು ಹೋಗಿದ್ದವು. ರಸ್ತೆಗೆ ಹತ್ತಿರದ ಹಾಡಿ, ಜೀಪು ಬಾಗಿಲಿಗೇ ಬರುತ್ತದೆ, ಇನ್ನೇನು ಬೇಕು! ಪ್ರತಿಯೊಬ್ಬರೂ ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಮುಂದಿನ ತಿಂಗಳು ಫಲಿತಾಂಶ ತಿಳಿಸುತ್ತೇವೆ ಎಂದಿದ್ದರು. ಆರೋಗ್ಯ ಇಲಾಖೆಯ ಕ್ಯಾಂಪು ಬಂದಾಗ, ಈ ಹಾಡಿಯದು ಸಂಶೋಧನೆಯವರು ಮಾಡಿದ್ದಾರೆ ಎಂದು ಮುಂದಿನ ಹಾಡಿಗೆ ಹೋಯಿತು. ಬೊಮ್ಮಿ ತಾನೇ ಬಸ್ ಹತ್ತಿ ಆಸ್ಪತ್ರೆಗೂ ಹೋಗಿದ್ದಳು. ನಿಮ್ಮದು ಅವರ ಹತ್ತಿರ ಇದೆ, ಅವರನ್ನೇ ಕೇಳಿ ಎಂದು ವಾಪಸು ಕಳಿಸಿದ್ದರು.

"ನಾನು ಬರ್ತೀನಿ ನಡಿ, ಇನ್ನೊಂದ್ಸಲ ಆಸ್ಪತ್ರೆಗೆ ಹೋಗೋಣ. ಅದು ಹೇಗೆ ಮಾಡಲ್ಲ ಅಂತಾರೋ ನೋಡ್ತೀನಿ" ಎಂದೆ.

ಅವಳು ಮಣ್ಣಿನ ಕೈ ಒದರಿ ನೆಟ್ಟಗೆ ಕೂತಳು. "ಬ್ಯಾಡ ಅಕ್ಕ. ನಾಕ್ ಸಲ ಕೊಟ್ಟಿವ್ನಿ. ಇನ್ನೊಂದ್ಸಲ ಯಾಕ್ ಕೊಡ್ಬೇಕು? ನಂದೇ ರಕ್ತ ಅವ್ರತ್ರ ಅದೆ, ಅದ್ರಲ್ಲಿ ಏನದೆ ಅಂತ ಅವ್ರಿಗೆ ಗೊತ್ತದೆ, ನಂಗ್ ಮಾತ್ರ ಗೊತ್ತಿಲ್ಲ. ಇದ್ಯಾವ ನ್ಯಾಯ? ಅವ್ರೇ ಹೇಳ್ಲಿ. ನೀವು ಅವ್ರ್‌ನೆಲ್ಲ ಸೇರ್ಸಿ ಸಂಘ ಮಾಡಿದೀರಂತಲ್ಲ, ನೀವೇ ಕೇಳಿ."

ಅಷ್ಟು ವರ್ಷ ನಡೆಸಿದ ಬಳಗಕ್ಕೆ ಅಂದು ಮೊದಲ ಸಲ ಒಂದು ನಿಜವಾದ ಕೆಲಸ ಸಿಕ್ಕಿತ್ತು. ನಾಲ್ಕೂ ತಂಡದವರು ನಮ್ಮ ಸದಸ್ಯರೇ. ಆ ಸಂಜೆಯೇ ಬರೆದೆ: "ಒಬ್ಬ ಸದಸ್ಯರು ಕೇಳುತ್ತಾರೆ: ಬಾವಲಿ ಕಡೆಯ ಹಾಡಿಯಲ್ಲಿ ರಕ್ತ ಕೊಟ್ಟವರಿಗೆ ಅವರವರ ಫಲಿತಾಂಶ ತಿಳಿಸುವುದು ಹೇಗೆ?" ಹೆಸರು ಬರೆಯಲಿಲ್ಲ. ಅಷ್ಟು ಬುದ್ಧಿ ನನಗಿತ್ತು.

ಉತ್ತರಗಳು ಬಂದವು ನೋಡಿ! ಬಳಗದ ಇತಿಹಾಸದಲ್ಲೇ ಅಷ್ಟು ಉತ್ತರ ಬಂದಿರಲಿಲ್ಲ. "ಬಹಳ ಮುಖ್ಯವಾದ ಪ್ರಶ್ನೆ." "ಸಕಾಲಿಕ ಚರ್ಚೆ, ಅಭಿನಂದನೆಗಳು." ತಂಡದವರಲ್ಲಿ ಒಬ್ಬರು, ನಾನು ರಕ್ತದ ಪ್ರೊಫೆಸರ್ ಎಂದು ಕರೆಯುತ್ತಿದ್ದವರು, ಹೆಮ್ಮೆಯಿಂದ ವಿವರಿಸಿದರು. ಜನರ ಖಾಸಗಿತನ ಕಾಪಾಡಬೇಕಲ್ಲವೇ? ಅದಕ್ಕಾಗಿ ಅವರು ಯಾರ ಹೆಸರನ್ನೂ ಇಡುವುದಿಲ್ಲ, ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಾರೆ, ಯಾವ ನಂಬರ್ ಯಾರದು ಎಂಬ ಗುರುತನ್ನೂ ಕೊನೆಗೆ ಅಳಿಸಿಬಿಡುತ್ತಾರೆ. ನೀತಿ ಸಮಿತಿಯ ಅಪ್ಪಣೆ. ಉಳಿದ ಮೂರು ತಂಡದವರೂ ನಾವೂ ಹಾಗೇ ಮಾಡಿದ್ದೇವೆ, ನಾವೂ ಅಷ್ಟೇ ಪ್ರಾಮಾಣಿಕರು ಎಂದು ಮೇಲಿಂದ ಮೇಲೆ ಬರೆದರು.

ಎರಡು ಸಲ ಓದಿದ ಮೇಲೆ ನನಗೆ ಅರ್ಥವಾಯಿತು. ಬೊಮ್ಮಿಯ ರಕ್ತದಲ್ಲಿ ಏನಿದೆ ಎಂದು ಅವರ ಲೇಖನಗಳಲ್ಲಿ ಇದೆ, ಗ್ರಾಫುಗಳಲ್ಲಿ ಇದೆ, ಪ್ರಪಂಚದ ಯಾರು ಬೇಕಾದರೂ ಓದಬಹುದು. ಆದರೆ ಅದು ಬೊಮ್ಮಿಯದು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಬೊಮ್ಮಿಯ ಗುಟ್ಟನ್ನು ಬೊಮ್ಮಿಯಿಂದಲೇ ಮುಚ್ಚಿಟ್ಟ ಪುಣ್ಯಾತ್ಮರು! ಇಷ್ಟು ಓದಿದವರಿಂದ ಮಾತ್ರ ಆಗುವ ಕೆಲಸ ಇದು.

ಇಷ್ಟಕ್ಕೇ ನಿಲ್ಲಲಿಲ್ಲ. ವಿಷಯ ಮುಖ್ಯವಾದದ್ದರಿಂದ ಕಾರ್ಯಾಗಾರ ಮಾಡೋಣ ಎಂದು ಒಬ್ಬರು ಸೂಚಿಸಿದರು. ಡೈರೆಕ್ಟರ್ ಸಾರ್ ಕುಣಿದಾಡಿದರು. ಕಲ್ಪೆಟ್ಟದ ಹೊರಗೆ ಒಂದು ರಿಸಾರ್ಟ್ ಗೊತ್ತು ಮಾಡಿದರು. ಆ ಏರ್ಪಾಟು ಮುಗಿಯುವ ಹೊತ್ತಿಗೆ ಒಂದು ಕಾಫಿ ಕೊಯ್ಲು ಕಳೆದು ಇನ್ನೊಂದು ಬಂದಿತ್ತು. ಒಬ್ಬರಿಗೆ ಆ ವಾರ ಆಗದು, ಒಬ್ಬರಿಗೆ ಈ ವಾರ ಆಗದು, ಒಬ್ಬರಿಗೆ ವಿಮಾನದ ಟಿಕೆಟ್ ಬೇಕು. ನಾನು ನರ್ಸರಿಗೆ ಹೋದಾಗಲೆಲ್ಲ ಬೊಮ್ಮಿ ಕೈಯಲ್ಲಿದ್ದ ಸಸಿ ಕೆಳಗಿಟ್ಟು ನನ್ನ ಮುಖ ನೋಡುವಳು. ಆಸ್ಪತ್ರೆಗೆ ಹೋಗೋಣ ಬಾರೆ ಎಂದು ಎಷ್ಟೋ ಸಲ ಕರೆದೆ. "ಕೂಡ್ತಾವ್ರೆ ಅಂದ್ರಲ್ಲಕ್ಕ. ಕೂಡ್ಲಿ, ಹೇಳ್ತಾರೆ" ಎನ್ನುವಳು. ನನ್ನ ಬಳಗದ ಮೇಲೆ ಅವಳಿಗಿದ್ದಷ್ಟು ನಂಬಿಕೆ ನನಗೂ ಇರಲಿಲ್ಲ.

ಕಾರ್ಯಾಗಾರದ ಹಿಂದಿನ ವಾರ ನರ್ಸರಿಗೆ ಹೋದರೆ ಬೊಮ್ಮಿ ಮುಖ ಎತ್ತಲಿಲ್ಲ. ಪಕ್ಕದ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಚೆಲುವನ ತಾಯಿಗೆ ಕಾದು ಕಾದು ಸಾಕಾಗಿ, ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಕಾರ್ಡ್ ಇದ್ದ ಬೇರೆ ಹುಡುಗಿಯನ್ನು ತಂದಿದ್ದಳು. ಮದುವೆ ಆಗಿ ಹೋಗಿತ್ತು. ನಾನು ಬೊಮ್ಮಿಯ ಹತ್ತಿರ ಹೋಗಿ ಕೂತೆ. ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಲೇ ಅವಳು ಹೇಳಿದಳು. "ನಂಗಿನ್ನೂ ತಿಳೀಬೇಕು ಅಕ್ಕ. ಇದ್ರೆ ಇರ್ಲಿ. ಇದ್ದಿದ್ರೆ ಅವ್ನು ಹೋಗಿದ್ದೇ ಸರಿ ಅಂತಾದ್ರೂ ಆಯ್ತದೆ." ನನಗೆ ಅಳು ಬಂತು. ಅವಳು ಅಳಲಿಲ್ಲ.

ರಿಸಾರ್ಟಿನಲ್ಲಿ ಸಭೆ ಚೆನ್ನಾಗಿ ನಡೆಯಿತಂತೆ. ಊಟ ಬಹಳ ಚೆನ್ನಾಗಿತ್ತಂತೆ. ನಾಲ್ಕೂ ತಂಡಗಳು ಇನ್ನು ಮುಂದೆ ಬೇರೆ ಬೇರೆ ಮಾಡದೆ ಕೂಡಿ ಒಂದೇ ದೊಡ್ಡ ಯೋಜನೆ ಮಾಡಬೇಕೆಂದು ತೀರ್ಮಾನವಾಯಿತು. ನಮ್ಮ ಬಳಗದಿಂದ ಹುಟ್ಟಿದ ಮೊದಲ ಸಹಯೋಗ! ಯೋಜನೆ ಏನು ಗೊತ್ತೇ? ಹಳೆಯ ರಕ್ತದ ಗುರುತುಗಳು ಅಳಿಸಿಹೋಗಿರುವುದರಿಂದ, ಅದೇ ಹಾಡಿಗೆ ಹೋಗಿ ಎಲ್ಲರ ರಕ್ತವನ್ನೂ ಮತ್ತೊಮ್ಮೆ ತೆಗೆಯುವುದು.

ಹೊರಟರು. ಎರಡು ಜೀಪು. ಮಾತು ತಿಳಿಯುವವರು ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು. ಹೊರಡುವ ಮೊದಲು ನಾನು ರಕ್ತದ ಪ್ರೊಫೆಸರರಿಗೆ ಕಡ್ಡಿ ಮುರಿದ ಹಾಗೆ ಹೇಳಿದೆ: ಬೆರಳು ಚುಚ್ಚಿ ಅಲ್ಲೇ ಫಲಿತಾಂಶ ಹೇಳುವ ಕಿಟ್ ಇದೆಯಲ್ಲ, ಅದನ್ನು ತನ್ನಿ, ಇಲ್ಲದಿದ್ದರೆ ನಾನು ಒಂದು ಮಾತನ್ನೂ ಅನುವಾದ ಮಾಡುವುದಿಲ್ಲ. ಅದು ನಮ್ಮ ವಿಧಾನದಲ್ಲಿ ಇಲ್ಲ ಎಂದು ಅವರು ಮೂಗು ಮುರಿದರು. ಆದರೂ ಟೆಕ್ನಿಷಿಯನ್ ಹುಡುಗಿ ಒಂದು ಡಬ್ಬಿ ಚೀಲಕ್ಕೆ ಹಾಕಿಕೊಂಡಳು.

ಹಾಡಿಯಲ್ಲಿ ಎಲ್ಲರೂ ಹೊರಗೆ ಬಂದು ನಿಂತರು, ಯಾರೂ ತೋಳು ಒಡ್ಡಲಿಲ್ಲ. ಬೊಮ್ಮಿ ಮುಂದೆ ಬಂದಳು.

"ಮೊದ್ಲು ಇವ್ರು ತಮ್ದು ಚುಚ್ಕೊಂಡು ಏನದೆ ಅಂತ ಎಲ್ರ ಮುಂದೆ ಹೇಳ್ಲಿ. ಆಮ್ಯಾಕೆ ನಂದು."

ಅನುವಾದಿಸಿದೆ. ಪ್ರೊಫೆಸರ್ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರು. "ನನ್ನದು ಯಾಕೆ? ಅದು ನನ್ನ ಖಾಸಗಿ ವಿಷಯ" ಎಂದರು. ಅದನ್ನೂ ಒಂದಕ್ಷರ ಬಿಡದೆ ಅನುವಾದಿಸಿದೆ. ಹಾಡಿಯವರು ಬಿದ್ದು ಬಿದ್ದು ನಕ್ಕರು. ಬೊಮ್ಮಿಯೂ ನಕ್ಕಳು. ಬಹಳ ದಿನಗಳ ಮೇಲೆ ಅವಳ ನಗು ಕೇಳಿದೆ. ಕೊನೆಗೆ ಆ ಟೆಕ್ನಿಷಿಯನ್ ಹುಡುಗಿಯೇ ತನ್ನ ಬೆರಳು ಚುಚ್ಚಿಕೊಂಡು ತೋರಿಸಿದಳು. ಬೊಮ್ಮಿ ಅವಳ ಎದುರು ಕೂತು ಬೆರಳು ಕೊಟ್ಟಳು.

ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಅಷ್ಟೇ ಹಿಡಿಯಿತು. ಹುಡುಗಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಇನ್ನೊಂದು ಸಲ ನೋಡಿದಳು. ಬೊಮ್ಮಿಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಹೇಳಿ ಎಂದು ನನ್ನ ಕಿವಿಯಲ್ಲಿ ಅಂದಳು: ಏನೂ ಇಲ್ಲ. ರೋಗವೂ ಇಲ್ಲ, ಅಂಶವೂ ಇಲ್ಲ.

ಹೇಳಿದೆ. ಬೊಮ್ಮಿ ಬೆರಳಿಗೆ ಒತ್ತಿದ್ದ ಹತ್ತಿಯನ್ನೇ ನೋಡುತ್ತಾ ಕೂತಳು.

"ಏನೂ ಇಲ್ವಾ?"

"ಇಲ್ಲ ಕಣೆ."

"ಆವಾಗ್ಲೂ ಇರ್ಲಿಲ್ಲ ಅಲ್ವಾ ಅಕ್ಕ? ಆ ನಾಕ್ ಸಲಾನೂ?"

ಇರಲಿಲ್ಲ ಎಂದೆ. ಅದು ಹುಟ್ಟಿನಿಂದ ಬರುವುದು, ನಡುವೆ ಬಂದು ಹೋಗುವಂಥದ್ದಲ್ಲ. ಮೊದಲ ತಂಡದವರು ಬಿಸ್ಕತ್ತು ಕೊಟ್ಟು ಹೋದ ಆ ತಿಂಗಳೇ ಒಬ್ಬರು ಒಂದು ಮಾತು ಹೇಳಿದ್ದರೆ ಅವಳು ಚೆಲುವನ ಮನೆಯಲ್ಲಿರುತ್ತಿದ್ದಳು. ಅವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರೊಫೆಸ‌ರ‌ರಿಗೆ ಹೊತ್ತಾಗುತ್ತಿತ್ತು. ಗಡಿಯಾರ ನೋಡಿಕೊಂಡು ನನಗೆ, "ಫಲಿತಾಂಶ ಹೇಳಿದ್ದಾಯಿತಲ್ಲ, ಸಂತೋಷದ ಸುದ್ದಿಯೇ. ಇನ್ನು ತೋಳಿನಿಂದ ಒಂದು ಸ್ಯಾಂಪಲ್ ಕೊಡೋಕೆ ಹೇಳಿ" ಎಂದರು. ನಾನು ಹೇಳಿದೆ. ಬೊಮ್ಮಿ ಎದ್ದು ನಿಂತು ಅವರ ಮುಖವನ್ನೇ ನೋಡುತ್ತಾ ಒಂದು ಮಾತು ಹೇಳಿ ಗುಡಿಸಲಿನ ಒಳಕ್ಕೆ ಹೋದಳು.

"ಏನಂದಳು?" ಎಂದು ಕೇಳಿದರು.

ಅಷ್ಟು ವರ್ಷ ಈ ಜನರ ಮಾತನ್ನು ಉಪ್ಪು ಖಾರ ತೆಗೆದು ಮೆತ್ತಗೆ ಮಾಡಿ ಬಡಿಸುವುದೇ ನನ್ನ ಕೆಲಸವಾಗಿತ್ತು. ಆವತ್ತು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಚೆಲುವನ್ನ ತಂದ್ಕೊಡಿ, ಆಮೇಲೆ ಎಷ್ಟು ಬೇಕೋ ಅಷ್ಟು ರಕ್ತ ತಗೊಳ್ಳಿ ಅಂದಳು ಸಾರ್."

ಪ್ರೊಫೆಸರ್ ಜೇಬಿನಿಂದ ಪೆನ್ನು ತೆಗೆದರು. "ಚೆಲುವ ಯಾರು? ಅವರ ಸ್ಯಾಂಪಲ್ಲೂ ಸಿಗುತ್ತಾ?" ಎಂದರು.

ಅದನ್ನು ನಾನು ಬೊಮ್ಮಿಗೆ ಅನುವಾದಿಸಲಿಲ್ಲ.